ನನ್ನ ತಾರೀಖಿಗೆ ಕಾದ ಮಗಳು

ಹೋದ ತಿಂಗಳು ಮಗನ ಈಜು ಸ್ಪರ್ಧೆಗೆಂದು ಕ್ರಾಯ್ಡನ್‌ಗೆ ಹೋಗಿದ್ದೆ. ಅವನ ಒಪ್ಪಿಗೆ ಪತ್ರದ ಇನ್ನೊಂದು ಪ್ರತಿ ಬೇಕು ಅಂದರು. ಸ್ಟೇಷನ್ ಹತ್ತಿರದ ಸಣ್ಣ ಅಂಗಡಿಯೊಂದಕ್ಕೆ ಓಡಿದೆ. ಝೆರಾಕ್ಸ್ ಯಂತ್ರದಿಂದ ಹೊರಬಂದ ಹಾಳೆ ಬೆಚ್ಚಗೆ ಕೈಗೆ ತಾಗಿತು, ಅದರ ವಾಸನೆ ಮೂಗಿಗೆ ಬಡಿಯಿತು. ಅಷ್ಟು ಸಾಕಾಯಿತು. 2017ರ ಆಗಸ್ಟಿನಲ್ಲಿ ಇದೇ ಊರಿನಲ್ಲಿ, ಇಂಥದೇ ಬಿಸಿ ಕಾಗದದ ದಪ್ಪ ಕಟ್ಟೊಂದನ್ನು ಎದೆಗವಚಿಕೊಂಡು ನಿಂತಿದ್ದೆ. ಪಕ್ಕದಲ್ಲಿ, ಹದಿನೆಂಟು ತುಂಬಿ ಆರು ವಾರವಾಗಿದ್ದ ಮಗಳು ವಿಭಾ. ಆ ವರ್ಷ ನೆನಪಾದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ನೆಟ್ಟಗೆ ಒಂದು ಹೆಸರು ಹೇಳಲಾರೆ. ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುತ್ತಿದ್ದವಳು. ಆಗ ಗ್ರೀನ್‌ಫರ್ಡ್‌ನ ಒಂದು ಗೋದಾಮಿನಲ್ಲಿ ಸ್ಯಾಂಡ್‌ವಿಚ್ ಪ್ಯಾಕ್ ಮಾಡುತ್ತಿದ್ದೆ. ನನ್ನ ಗಂಡ ಗುರುರಾಜ ಸಿವಿಲ್ ಎಂಜಿನಿಯರು, ಅಕ್ಸ್‌ಬ್ರಿಡ್ಜ್‌ನಲ್ಲಿ ಅವರ ಆಫೀಸು. ಅವರು ಒಬ್ಬರೇ ಮೊದಲು ಕೆಲಸದ ವೀಸಾದ ಮೇಲೆ ಈ ದೇಶಕ್ಕೆ ಬಂದಿದ್ದರು. ನಾನೂ ಹದಿಮೂರು ವರ್ಷದ ವಿಭಾಳೂ ಬಂದದ್ದು ಸುಮಾರು ಎರಡು ವರ್ಷದ ನಂತರ, 2012ರ ಸೆಪ್ಟೆಂಬರಿನಲ್ಲಿ. ಮರುವರ್ಷ ಇಲ್ಲೇ ಚಿರಾಗ ಹುಟ್ಟಿದ.

ಐದು ವರ್ಷ ತುಂಬಿದ ಮೇಲೆ, 2016ರ ಮೊದಲಲ್ಲಿ, ಇವರಿಗೆ ಕಾಯಂ ವಾಸದ ಅನುಮತಿ ಸಿಕ್ಕಿತು. ತಂದೆಗೆ ಅದು ಸಿಕ್ಕಿದ ಮೇಲೆ ಈ ದೇಶದಲ್ಲಿ ಹುಟ್ಟಿದ ಮಗುವನ್ನು ಬ್ರಿಟಿಷ್ ಪ್ರಜೆಯೆಂದು ನೋಂದಾಯಿಸಬಹುದು ಎಂದು ಗೊತ್ತಾಗಿ ಚಿರಾಗನನ್ನು ನೋಂದಾಯಿಸಿದೆವು. ಚಡ್ಡಿ ಏರಿಸಿಕೊಳ್ಳಲು ಇನ್ನೂ ಬಾರದವನಿಗೆ ಕೆಂಪು ಪಾಸ್‌ಪೋರ್ಟ್ ಬಂತು. ವಿಭಾ ಅದನ್ನು ಕೈಯಲ್ಲಿ ಹಿಡಿದು ತಮ್ಮನ ಫೋಟೋ ನೋಡಿ ಜೋರಾಗಿ ನಕ್ಕಳು. ನಾವಿಬ್ಬರು, ತಾಯಿ ಮಗಳು, ಇನ್ನೂ ವೀಸಾದವರೇ. ಮುಂದೊಂದು ದಿನ ನಮಗೂ ಆಗುತ್ತದೆ ಎಂದುಕೊಂಡಿದ್ದೆವು. ಅದರಿಂದ ಏನಾದರೂ ಕೆಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಆ ವರ್ಷದ ಅಕ್ಟೋಬರಿನಲ್ಲಿ. ವಿಭಾಳಿಗೆ ಆಪ್ಟೊಮೆಟ್ರಿ ಓದುವ ಆಸೆ, ಅಂದರೆ ಕಣ್ಣು ಪರೀಕ್ಷೆ ಮಾಡುವ ವಿದ್ಯೆ. ಹದಿನಾರಕ್ಕೇ ಒಂದು ಕನ್ನಡಕದ ಅಂಗಡಿಯಲ್ಲಿ ಶನಿವಾರದ ಕೆಲಸ ಹಿಡಿದಿದ್ದಳು. ಒಂದು ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಯೂನಿವರ್ಸಿಟಿಯ ಅರ್ಜಿ ತುಂಬುತ್ತಿದ್ದಳು. ನಾನು ಜೋಳದ ಹಿಟ್ಟು ನಾದುತ್ತಿದ್ದೆ.

“ಮಮ್ಮಿ, ಆಮ್ ಐ ಹೋಮ್ ಆರ್ ಓವರ್‌ಸೀಸ್?”

“ಮನ್ಯಾಗ ಕುಂತು ಕೇಳಾಕತ್ತೀಯಲ್ಲ. ಹೋಮ್ ಅಂತ ಹಾಕು.”

ಹಾಕಿದಳು. ಎರಡು ದಿನಕ್ಕೆ ಶಾಲೆಯ ಟೀಚರು ಅದನ್ನು ತಿರುಗಿ ಕಳಿಸಿದರು. ಕಾಯಂ ವಾಸದ ಅನುಮತಿ ಇಲ್ಲದವರು ಇಲ್ಲಿನ ವಿದ್ಯಾರ್ಥಿಗಳ ಲೆಕ್ಕಕ್ಕೆ ಬರುವುದಿಲ್ಲ. ಹೊರದೇಶದವರ ಫೀಸು ಕಟ್ಟಬೇಕು, ಸರ್ಕಾರದ ಸಾಲವೂ ಸಿಗುವುದಿಲ್ಲ. ಆ ಫೀಸು ನಮ್ಮ ಕೈಗೆಟುಕುವ ಮಾತಾಗಿರಲಿಲ್ಲ. ಇದೇ ರಸ್ತೆಯ ಶಾಲೆಯಲ್ಲಿ ನಾಲ್ಕು ವರ್ಷ ಓದಿದ ಹುಡುಗಿ ಅರ್ಜಿಯ ಒಂದು ಚೌಕದಲ್ಲಿ ಹೊರಗಿನವಳಾಗಿದ್ದಳು. ಅವತ್ತು ಅವಳು ಅಳಲಿಲ್ಲ. ತಮ್ಮನ ಪಾಸ್‌ಪೋರ್ಟ್ ಇಟ್ಟಿದ್ದ ಕಪಾಟಿನ ಕಡೆ ನೋಡಿ, “ಅವಂಗ ಓದಾಕ ಬರಂಗಿಲ್ಲ, ಅಂವಾ ಹೋಮ್,” ಅಂದಳು. ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ಸಿಟ್ಟು ಬಂದಾಗ ಮಾತ್ರ ಧಾರವಾಡಕ್ಕೆ ಹೋಗಿಬಿಡುತ್ತಿದ್ದಳು.

ಕನ್ನಡದವರೊಬ್ಬರು ಇಲ್ಫರ್ಡ್‌ನಲ್ಲಿ ವಲಸೆ ವಿಷಯದ ವಕೀಲರಿದ್ದಾರೆ ಎಂದು ಯಾರೋ ಹೇಳಿದರು. ಸೆಂಟ್ರಲ್ ಲೈನ್ ರೈಲು ಹಿಡಿದು, ನಡುವೆ ಗಾಡಿ ಬದಲಿಸಿ, ಊರಿನ ಈ ತುದಿಯಿಂದ ಆ ತುದಿಗೆ ನಾಲ್ವರೂ ಹೋದೆವು. ಪ್ರಮೀಳಾ ಅಂತ, ಕುಂದಾಪುರದ ಕಡೆಯವರು. ಸಾಲುಮನೆಯೊಂದರ ಮುಂದಿನ ಕೋಣೆಯೇ ಆಫೀಸು. ನಮಗೆ ಅರ್ಥವಾಗಲೆಂದು ಬೆಂಗಳೂರಿನ ಕನ್ನಡದಲ್ಲಿ ನಿಧಾನವಾಗಿ ಮಾತಾಡುತ್ತಿದ್ದರು. ಒಂದು ಹಾಳೆಯ ಮೇಲೆ ನಮ್ಮ ನಾಲ್ಕೂ ಜನರ ಹೆಸರು ಬರೆದುಕೊಂಡರು.

“ಚಿಕ್ಕವನದು ಮುಗೀತು. ಅವನ ಚಿಂತೆ ಬಿಡಿ. ಇವಳು ಹೊರಗೆ ಹುಟ್ಟಿದವಳು, ಅದಕ್ಕೆ ಬೇರೆ ದಾರಿ ನೋಡ್ಬೇಕು. ಏಳು ವರ್ಷ ಇಲ್ಲಿದ್ದ ಮಕ್ಕಳಿಗೆ ಒಂದು ನಿಯಮ ಇದೆ. ಇವಳಿಗೆ ಏಳಾಗಿಲ್ಲ. ಆಗಿದ್ರೂ ಕಾಯಂ ಆಗೋಕೆ ಮತ್ತೆ ಹತ್ತು ವರ್ಷ. ಅರ್ಧ ಆಯುಸ್ಸು ಇಲ್ಲೇ ಕಳೆದಿದ್ರೆ ಹದಿನೆಂಟರ ಮೇಲೆ ಇನ್ನೊಂದು ದಾರಿ. ಅದಕ್ಕೆ ಒಂಬತ್ತು ವರ್ಷ ಬೇಕು, ಆ ಹೊತ್ತಿಗೆ ಇವಳದು ಐದು.”

“ಅಪ್ಪಗ ಸಿಕ್ಕೈತಲ್ರೀ. ಅಪ್ಪನ ಜೋಡಿ ಮಗಳಿಗೆ ಯಾಕ ಕೊಡಂಗಿಲ್ಲ?” ಎಂದೆ.

“ತಂದೆ ತಾಯಿ ಇಬ್ಬರೂ ಇಲ್ಲಿದ್ರೆ ಇಬ್ಬರಿಗೂ ಆಗ್ಬೇಕು. ಆಮೇಲೆ ಮಗುವಿಗೆ. ನೀವು ಬಂದು ಐದು ವರ್ಷ ಆಗೋದು ಮುಂದಿನ ಸೆಪ್ಟೆಂಬರ್‌ಗೆ.” ಸ್ವಲ್ಪ ತಡೆದು, ಹೇಳಲೋ ಬೇಡವೋ ಎಂಬಂತೆ, “ತಾಯಿ ಇಲ್ಲದೆ ಇದ್ದಿದ್ರೆ, ಅಂದ್ರೆ ತೀರಿಹೋಗಿದ್ರೆ, ಇವಳಿಗೆ ಅಪ್ಪನ ಜೊತೆಗೇ ಆಗಿಬಿಡ್ತಿತ್ತು,” ಅಂದರು.

ಚಿರಾಗ ಕುರ್ಚಿಯ ಕಾಲು ಒದೆಯುತ್ತಿದ್ದ. ನಾನು ನಗಲು ನೋಡಿದೆ, ಆಗಲಿಲ್ಲ. ಬದುಕಿರುವುದೇ ಮಗಳಿಗೆ ಅಡ್ಡವಾಯಿತು ಎಂಬ ಮಾತನ್ನು ಯಾವ ತಾಯಿಯೂ ಕೇಳಬಾರದು.

ಪ್ರಮೀಳಾ ನನ್ನ ಹಳೆಯ ವೀಸಾ ನೋಡಿ ಹುಬ್ಬೇರಿಸಿದರು. “ಛೇ. ನಿಯಮ ಬದಲಾಗಿದ್ದು ಆ ವರ್ಷದ ಜುಲೈ ಎರಡನೇ ವಾರ. ಅದಕ್ಕೆ ಮುಂಚೆ ಹಾಕಿದ್ರೆ ಹೆಂಡತಿಗೆ ಎರಡೇ ವರ್ಷ ಸಾಕಿತ್ತು. ನೀವು ಹಾಕಿದ್ದು ಜುಲೈ ಕೊನೆಗೆ. ಅಲ್ಲಿಂದ ಐದಾಯ್ತು. ಯಾಕೆ ತಡ ಮಾಡಿದ್ರಿ?”

ಇವರು ತಲೆ ತಗ್ಗಿಸಿಕೊಂಡೇ ಹೇಳಿಬಿಟ್ಟರು: “ಜೂನ್‌ದಾಗ ಎಲ್ಲಾ ಕಾಗದ ರೆಡಿ ಇದ್ವು. ಆಷಾಢ ಬಂತು. ನಮ್ಮವ್ವ ಬ್ಯಾಡ ಅಂದ್ಲು.”

ಹೌದು. ನನ್ನ ಅತ್ತೆ, ಮಕ್ಕಳ ಬಾಯಲ್ಲಿ ಆಯಿ, “ಆಷಾಢದಾಗ ಹೊಸಾ ಕೆಲಸಾ ಹಿಡೀಬ್ಯಾಡ್ರಿ, ಶ್ರಾವಣ ಬರ್ಲಿ,” ಅಂದಿದ್ದರು. ನಾವು ಪಂಚಮಿ ಉಂಡಿ ತಿಂದು ಅರ್ಜಿ ಹಾಕಿದ್ದೆವು. ಅಷ್ಟರೊಳಗೆ ಇಲ್ಲಿ ಕಾನೂನು ತಿರುಗಿ ಮಲಗಿತ್ತು.

ವಿಭಾ ಅಪ್ಪನನ್ನೂ ನನ್ನನ್ನೂ ನೋಡಿದಳು. “ಬಿಕಾಸ್ ಆಫ್ ಆಷಾಢ?” ಅಂದಳು. “ಸೀರಿಯಸ್ಲಿ?” ಎದ್ದು ಹೊರಗೆ ಹೋದಳು.

ಉಳಿದ ದಾರಿ ಒಂದೇ ಎಂದರು ಪ್ರಮೀಳಾ. ಐದು ವರ್ಷ ತುಂಬುವ ಇಪ್ಪತ್ತೆಂಟು ದಿನ ಮೊದಲೇ ಅರ್ಜಿ ಹಾಕಬಹುದು. ಅಂದರೆ ಆಗಸ್ಟಿನ ಕೊನೆಯ ವಾರ. ಒಂದೇ ದಿನದಲ್ಲಿ ತೀರ್ಮಾನ ಕೊಡುವ ಕೌಂಟರು ಕ್ರಾಯ್ಡನ್‌ನಲ್ಲಿದೆ. ಕಾಲೇಜಿನ ವರ್ಷಕ್ಕೆ ಲೆಕ್ಕ ಹಿಡಿಯುವುದು ಸೆಪ್ಟೆಂಬರ್ ಒಂದರಿಂದ. ಅಷ್ಟರೊಳಗೆ ಇಬ್ಬರಿಗೂ ಆಗಿದ್ದರೆ ವಿಭಾ ಇಲ್ಲಿನವಳು. ಒಂದು ದಿನ ತಪ್ಪಿದರೂ ಒಂದು ವರ್ಷ ಹೋದಂತೆ.

ಪ್ರತಿ ಭಾನುವಾರ ಮಧ್ಯಾಹ್ನ ಧಾರವಾಡಕ್ಕೆ ಫೋನ್ ಮಾಡುವುದು ನಮ್ಮ ರೂಢಿ. ಆಯಿ ಅಲ್ಲಿ ಮೈದುನನ ಸಂಸಾರದ ಜೊತೆ ಇದ್ದರು. ಇಲ್ಫರ್ಡ್‌ನಿಂದ ಬಂದ ಮೇಲೆ ವಿಭಾ ಆ ಫೋನು ಮುಟ್ಟಲಿಲ್ಲ. “ಓದಾಕತ್ತೇನಿ ಅಂತ ಹೇಳು,” ಅಂದು ಮಹಡಿ ಹತ್ತುತ್ತಿದ್ದಳು. ಆಯಿಗೆ ಮೊಮ್ಮಗಳೆಂದರೆ ಪ್ರಾಣ. ಮೊದಮೊದಲು “ಓದ್ಲಿ ಓದ್ಲಿ” ಅನ್ನುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಕೇಳುವುದನ್ನೇ ಬಿಟ್ಟರು. ಏನೋ ಆಗಿದೆ ಎಂದು ಅವರಿಗೆ ತಿಳಿಯದೆ ಇರುತ್ತದೆಯೇ?

ಆ ಚಳಿಗಾಲವೆಲ್ಲ ನಾನು ಬೆಳಗಿನ ಪಾಳಿ ಮಾಡಿದೆ. ಗೋದಾಮಿನ ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಎರಡು ಜೊತೆ ಕೈಗವಸಿನೊಳಗೂ ಬೆರಳು ಮರಗಟ್ಟುತ್ತಿದ್ದವು. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಪೋಲೆಂಡಿನ ಹಲೀನಾ. ಯುರೋಪ್ ಬಿಡುವ ಮತದಾನ ಮುಗಿದ ಮೇಲೆ ಅವಳ ಕಡೆಯವರಿಗೂ ಕಾಗದದ ಭಯ ಹತ್ತಿತ್ತು. “ಸಂಬಳದ ಚೀಟಿ ಎಸೆಯಬೇಡ, ಡಾಕ್ಟರರ ಪತ್ರ ಎಸೆಯಬೇಡ, ಕೌನ್ಸಿಲ್ ತೆರಿಗೆ ಕಾಗದವಂತೂ ಎಸೆಯಲೇಬೇಡ,” ಎಂದು ಅವಳಿಗೆ ಪಾಠ ಮಾಡುತ್ತಿದ್ದೆ. ಹನ್ನೆರಡು ವರ್ಷದಿಂದ ಇಲ್ಲಿದ್ದವಳು ಐದು ವರ್ಷ ತುಂಬದ ನನ್ನ ಹತ್ತಿರ ಕೇಳಿ ಕಲಿಯುತ್ತಿದ್ದಳು. ಮೊಟ್ಟೆ, ಸೌತೆಕಾಯಿ, ಬ್ರೆಡ್ಡು ಕೈಯಲ್ಲಿ ಹಿಡಿದು ನಾವಿಬ್ಬರೂ ಕಾನೂನು ಮಾತಾಡುತ್ತಿದ್ದೆವು.

ಜುಲೈಯಲ್ಲಿ ವಿಭಾಳಿಗೆ ಹದಿನೆಂಟು ತುಂಬಿತು. ಅದರೊಂದಿಗೆ ಹೊಸ ತಲೆನೋವು. ಹದಿನೆಂಟಾದವರು ಈ ದೇಶದ ಬದುಕಿನ ಬಗ್ಗೆ ಒಂದು ಪರೀಕ್ಷೆ ಬರೆಯಬೇಕು, ಇಂಗ್ಲಿಷ್ ಮಾತಾಡಲು ಬರುತ್ತದೆಂದು ಇನ್ನೊಂದು ಪರೀಕ್ಷೆಯಲ್ಲಿ ತೋರಿಸಬೇಕು. ಮೊದಲನೆಯದಕ್ಕೆ ತಾಯಿ ಮಗಳು ಒಂದೇ ಪುಸ್ತಕ ಇಟ್ಟುಕೊಂಡು ಓದಿದೆವು. ರಾಜರು, ರಾಣಿಯರು, ಯುದ್ಧಗಳು. ಕಿತ್ತೂರಿನ ಕಡೆ ನಿಂತು ನಾನು ಹದಿನಾಲ್ಕು ವರ್ಷ ಕಲಿಸಿದ ಇತಿಹಾಸವನ್ನು ಈಗ ಆಚೆ ಬದಿಯಿಂದ ಬಾಯಿಪಾಠ ಮಾಡಬೇಕಿತ್ತು. ಇಬ್ಬರೂ ಪಾಸಾದೆವು.

ಎರಡನೆಯದಕ್ಕೆ ವಿಭಾಳಿಗೆ ಸಿಟ್ಟು ತಡೆಯಲಾಗಲಿಲ್ಲ. ಇಲ್ಲಿನ ಶಾಲೆಯ ಇಂಗ್ಲಿಷ್ ಪರೀಕ್ಷೆಯಲ್ಲಿ ಅವಳು ತರಗತಿಗೇ ಮುಂದಿದ್ದವಳು. ಆ ಸರ್ಟಿಫಿಕೇಟು ನಡೆಯುವುದಿಲ್ಲವಂತೆ. ಹತ್ತು ನಿಮಿಷ ಯಾರದೋ ಮುಂದೆ ಕೂತು ಮಾತಾಡಿ ತೋರಿಸಬೇಕಂತೆ. ನಾನೂ ಅದೇ ದಿನ ಅದೇ ಪರೀಕ್ಷೆಗೆ ಹೋಗಿದ್ದೆ. ಅವಳು ಹೊರಗೆ ಬಂದಾಗ ಮುಖ ಕೆಂಪಾಗಿತ್ತು.

“ಏನ್ ಕೇಳಿದ್ರ?”

“ಇಷ್ಟ ಛಂದ ಇಂಗ್ಲಿಷ್ ಎಲ್ಲಿ ಕಲತಿ ಅಂತ ಕೇಳಿದ್ರು.”

“ಏನ್ ಹೇಳಿದಿ?”

“ಗ್ರೀನ್‌ಫರ್ಡ್.”

ನನಗೆ ನಗು ಬಂತು. ಅವಳೂ ಒಂದು ಕ್ಷಣ ನಕ್ಕಳು. ಆ ಬೇಸಿಗೆಯಲ್ಲಿ ನಾವಿಬ್ಬರೂ ಸೇರಿ ನಕ್ಕದ್ದು ಅದೊಂದೇ ಸಲ ಇರಬೇಕು.

ಕ್ರಾಯ್ಡನ್ ಕೌಂಟರಿನ ಸಮಯ ಕಂಪ್ಯೂಟರಿನಲ್ಲೇ ಹಿಡಿಯಬೇಕಿತ್ತು. ತೆರೆದ ಎರಡು ನಿಮಿಷಕ್ಕೆ ಎಲ್ಲ ಖಾಲಿ. ಇವರು ಆಫೀಸಿನಲ್ಲಿ, ವಿಭಾ ಮನೆಯಲ್ಲಿ, ನಾನು ಊಟದ ಬಿಡುವಿನಲ್ಲಿ ಫೋನು ಹಿಡಿದು, ಮೂವರೂ ಒತ್ತುತ್ತಾ ಕೂತೆವು. ಐದು ದಿನ ಏನೂ ಸಿಗಲಿಲ್ಲ. ಆರನೆಯ ದಿನ ಮಧ್ಯಾಹ್ನ ವಿಭಾ ಗೋದಾಮಿಗೇ ಫೋನ್ ಮಾಡಿ, “ಸಿಕ್ತು! ಮೂವತ್ತನೇ ತಾರೀಖು!” ಎಂದು ಕೂಗಿದಳು. ಆಗಸ್ಟ್ ಮೂವತ್ತು. ಎರಡು ದಿನ ಕೈಯಲ್ಲಿ ಉಳಿಯುತ್ತಿದ್ದವು. ನಡುವೆ ಅವಳ ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶವೂ ಬಂತು. ಬೇಕಾದಷ್ಟು ಅಂಕ ಬಂದಿದ್ದವು, ಸೀಟು ಖಾತ್ರಿಯಾಯಿತು. ಅವಳ ಗೆಳತಿಯರೆಲ್ಲ ಹೊಸ ಹಾಸಿಗೆ, ಹೊಸ ಪಾತ್ರೆ ಕೊಳ್ಳುತ್ತಿದ್ದರು. ಇವಳು ಮಾತ್ರ ಏನೂ ಕೊಳ್ಳಲಿಲ್ಲ.

ಮೂವತ್ತರ ಬೆಳಿಗ್ಗೆ ಇವರು ಚಿರಾಗನೊಂದಿಗೆ ಮನೆಯಲ್ಲಿ ಉಳಿದರು. ಕ್ರಾಯ್ಡನ್‌ನಲ್ಲಿ ಇಳಿದು, ಕೊನೆಯ ಗಳಿಗೆಯ ಪ್ರತಿಗಳನ್ನು ಒಂದು ಅಂಗಡಿಯಲ್ಲಿ ಮಾಡಿಸಿಕೊಂಡು ಹೋದೆವು. ಮೂರು ತಾಸು ಕಾದ ಮೇಲೆ ನಮ್ಮ ನಂಬರು ಬಂತು. ಗಾಜಿನ ಹಿಂದೆ ಕೂತ ಅಧಿಕಾರಿ ಸೌಮ್ಯ ಮನುಷ್ಯ. ನನ್ನ ಕಾಗದಗಳನ್ನು ಸರಸರ ತಿರುವಿ ಬದಿಗಿಟ್ಟ. ವಿಭಾಳ ಬ್ಯಾಂಕಿನ ಹಾಳೆಯಲ್ಲಿ ಅವನ ಬೆರಳು ನಿಂತಿತು. ಕನ್ನಡಕದ ಅಂಗಡಿಯ ಸಂಬಳ ತಿಂಗಳು ತಿಂಗಳೂ ಬಿದ್ದಿತ್ತು.

ನಿನ್ನ ಖರ್ಚು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದ.

ವಿಭಾ ಬೆನ್ನು ನೆಟ್ಟಗೆ ಮಾಡಿದಳು. ಬಸ್ಸು, ಫೋನು, ಬಟ್ಟೆ ಎಲ್ಲ ನನ್ನ ದುಡ್ಡಿನಲ್ಲೇ, ಅಪ್ಪ ಅಮ್ಮನನ್ನು ಕೇಳುವುದಿಲ್ಲ ಅಂದಳು. ಹೆಮ್ಮೆಯಿಂದ ಅಂದಳು. ಹಾಗೆ ಹೇಳಬೇಕೆಂದೇ ನಾವು ಅವಳನ್ನು ಬೆಳೆಸಿದ್ದೆವು.

ಆತ ಒಳಗೆ ಹೋದ. ಅರ್ಧ ತಾಸಿಗೆ ಬಂದು, ನನ್ನದು ಆಯಿತು ಎಂದ. ಮಗಳದು ಇವತ್ತು ಆಗುವುದಿಲ್ಲ. ಹದಿನೆಂಟು ದಾಟಿದೆ, ಸ್ವಂತ ದುಡಿಮೆ ಇದೆ. ಇನ್ನೂ ತಂದೆ ತಾಯಿಯ ಆಶ್ರಯದಲ್ಲೇ ಇದ್ದಾಳೋ, ಬೇರೆ ಬದುಕು ಕಟ್ಟಿಕೊಂಡಿದ್ದಾಳೋ ಪರಿಶೀಲಿಸಬೇಕು. ಪತ್ರ ಬರುತ್ತದೆ.

“ಅವಳು ನನ್ನ ಮನೆಯಲ್ಲಿ ಮಲಗುತ್ತಾಳೆ, ನಾನು ಮಾಡಿದ ರೊಟ್ಟಿ ತಿನ್ನುತ್ತಾಳೆ,” ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಶಾಲೆಯ ಪತ್ರ, ಡಾಕ್ಟರರ ಪತ್ರ ಎಲ್ಲ ಗಾಜಿನ ಕೆಳಗಿನಿಂದ ಮತ್ತೆ ತಳ್ಳಿದೆ. ಎಷ್ಟು ದಿನ ಎಂದು ಕೇಳಿದೆ. ಹೇಳಲಾಗುವುದಿಲ್ಲ ಎಂದ. ನಾಡಿದ್ದು ಸೆಪ್ಟೆಂಬರ್ ಒಂದು ಎಂದೆ. ಗೊತ್ತು ಎಂಬಂತೆ ತಲೆಯಾಡಿಸಿ, ಮುಂದಿನ ನಂಬರು ಕರೆದ.

ಯಾರ ಮೇಲೆ ಕೂಗಲಿ? ನನಗೆ ಸಿಕ್ಕಿಬಿಟ್ಟಿತ್ತು. ಒಂದು ವರ್ಷದಿಂದ ಯಾವುದಕ್ಕೆ ಕಾದಿದ್ದೆವೋ ಅದು ನನ್ನ ಕೈಗೆ ಬಂದಿತ್ತು, ಅವಳಿಗೆ ಬರಲಿಲ್ಲ.

ವಾಪಸು ಬರುವ ರೈಲಿನಲ್ಲಿ ವಿಭಾ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಕ್ಲಾಪಮ್ ಸ್ಟೇಷನ್ ದಾಟುವಾಗ, “ಆಯಿಗೆ ಹೇಳು. ಆಷಾಢ ಮುಗೀತಂತ ಹೇಳು,” ಅಂದಳು.

ಆಗ ನನಗೆ ತಡೆಯಲಾಗಲಿಲ್ಲ. ಐದು ವರ್ಷದಿಂದ ಗಂಡನಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು.

“ವಿಭಾ, ಆಯಿ ಒಂದ ಸಲ ಅಂದ್ರು, ಅಷ್ಟ. ಪಪ್ಪಾ ಹೋಗ್ಲಿ ಬಿಡು, ಹಾಕೇಬಿಡೂಣು ಅಂದಿದ್ರು. ಆಯಿನೂ ಆಮ್ಯಾಲ ನನ್ನ ಮುಂದ, ನಿಮ್ಮ ಮನಸಿಗೆ ಬಂದಂಗ ಮಾಡ್ರಿ ಅಂದ್ರು. ಅದನ್ನ ಪಪ್ಪಾಗ ಹೇಳಲಿಲ್ಲ. ಬ್ಯಾಡ ಅಂದಾಕಿ ನಾನ. ನನಗ ಬರೂ ಮನಸಿರಲಿಲ್ಲ. ಸಾಲಿ ಆಗಷ್ಟ ಶುರು ಆಗಿತ್ತು. ಹತ್ತನೇ ಕ್ಲಾಸಿನ ಹುಡುಗೂರನ್ನ ಬಿಟ್ಟ ಬರಾಕ ಆಗಲಿಲ್ಲ. ಒಂದ ತಿಂಗಳರೆ ದೂಡೂಣು ಅನಿಸ್ತು. ಆಯಿ ಹೆಸರು ಹಿಡಕೊಂಡು ದೂಡಿದೆ.”

ಅವಳು ತಿರುಗಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಈಗರೆ ಬಂದದ್ದಕ್ಕ ನಿನಗ ಸಮಾಧಾನ ಐತೇನು?” ಎಂದು ಕೇಳಿದಳು.

ಗೋದಾಮು, ಮರಗಟ್ಟುವ ಬೆರಳು, ಗಾಜಿನ ಹಿಂದಿನ ಮನುಷ್ಯ ಎಲ್ಲ ಕಣ್ಣ ಮುಂದೆ ಬಂತು. “ಇಲ್ಲ,” ಎಂದೆ. ಅವಳು ನನ್ನ ಕೈಯಿಂದ ಕಾಗದದ ಚೀಲ ತೆಗೆದುಕೊಂಡಳು. ಮನೆ ಬರುವವರೆಗೂ ಅದನ್ನು ತಾನೇ ಹಿಡಿದುಕೊಂಡಿದ್ದಳು.

ಸೆಪ್ಟೆಂಬರ್ ಒಂದು ಶುಕ್ರವಾರ. ಏನೂ ಬರಲಿಲ್ಲ. ವಿಭಾ ಯೂನಿವರ್ಸಿಟಿಗೆ ಫೋನ್ ಮಾಡಿ ಸೀಟು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲು ಕೇಳಿದಳು. ಅವರು ಒಪ್ಪಿದರು. ಕನ್ನಡಕದ ಅಂಗಡಿಯಲ್ಲಿ ವಾರಪೂರ್ತಿ ಕೆಲಸಕ್ಕೆ ಹೇಳಿ ಬಂದಳು. ಗೆಳತಿಯರು ಒಬ್ಬೊಬ್ಬರಾಗಿ ಸೂಟ್‌ಕೇಸು ಎಳೆದುಕೊಂಡು ಬೇರೆ ಬೇರೆ ಊರಿಗೆ ಹೋದರು. ಇವಳು ಎಲ್ಲರನ್ನೂ ಕಳಿಸಲು ಸ್ಟೇಷನ್‌ವರೆಗೆ ಹೋಗಿ ಬಂದಳು.

ಸೆಪ್ಟೆಂಬರಿನ ಕೊನೆಯ ಭಾನುವಾರ ನಾನು ಧಾರವಾಡಕ್ಕೆ ಫೋನ್ ಹಚ್ಚಿದ್ದೆ. ಆಯಿಯ ದನಿ ದೊಡ್ಡದು, ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತದೆ. “ವಿಭಾಂದು ಕಾಲೇಜ್ ಶುರು ಆತೇನವಾ?” ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ವಿಭಾ ಮೆಟ್ಟಿಲಿಳಿದು ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಸುಮಾರು ಒಂದು ವರ್ಷದ ಮೇಲೆ.

“ಆಯಿ, ನಾನ. ಹೂಂ, ಶುರು ಆತು. ಭಾಳ ಛಲೋ ಐತಿ.”

ಆಚೆ ಕಡೆ ಆಯಿ ಅತ್ತರೋ ನಕ್ಕರೋ ತಿಳಿಯಲಿಲ್ಲ. ಆಮೇಲೆ ಏನೇನು ಕಲಿಸಿದರು ಎಂದು ಕೇಳಿದರು. ವಿಭಾ ಕಣ್ಣಿಗೆ ಪುಸ್ಸೆಂದು ಗಾಳಿ ಊದುವ ಯಂತ್ರದ ಬಗ್ಗೆ ಹೇಳಿದಳು. ಅದು ಅವಳ ಅಂಗಡಿಯ ಯಂತ್ರ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಇದೇ ನಡೆಯಿತು. ಗಿರಾಕಿಗಳೆಲ್ಲ ಫೋನಿನಲ್ಲಿ ಕ್ಲಾಸಿನ ಗೆಳತಿಯರಾದರು, ಅಂಗಡಿಯ ಯಜಮಾನ ಪ್ರೊಫೆಸರಾದ. ಆಯಿ ತಮ್ಮ ಪೊರೆ ಬಂದ ಕಣ್ಣಿನ ಬಗ್ಗೆ ಕೇಳುತ್ತಿದ್ದರು, ಇವಳು ತಿಳಿದಷ್ಟು ಹೇಳುತ್ತಿದ್ದಳು. ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ನಾನು ಹಿಂದೊಮ್ಮೆ ಆಯಿಯ ಮೇಲೆ ಹಾಕಿದ್ದ ಭಾರವನ್ನು ಅವಳು ತನ್ನ ಸುಳ್ಳಿನಿಂದ ಇಳಿಸುತ್ತಿದ್ದಳು.

ಪತ್ರ ಬಂದದ್ದು ನವೆಂಬರಿನ ಒಂದು ಮಂಗಳವಾರ. ಅನುಮತಿ ಕೊಡಲಾಗಿದೆ. ಮೂರೇ ಸಾಲು. ಮೊದಲು ಕೊಟ್ಟಿದ್ದ ಕಾಗದಗಳಿಗಿಂತ ಒಂದು ಚೂರೂ ಹೆಚ್ಚು ಅವರು ಕೇಳಿರಲಿಲ್ಲ. ಹಾಗಾದರೆ ಆಗಸ್ಟ್ ಮೂವತ್ತಕ್ಕೆ ಯಾಕೆ ಆಗಲಿಲ್ಲ ಎಂದು ಇವರು ಮೇಜು ಗುದ್ದಿದರು. ವಿಭಾ ಪತ್ರ ಓದಿ, ಮಡಚಿ, ಅಪ್ಪನ ಕೈಗೆ ಕೊಟ್ಟು ಕೋಟು ಹಾಕಿಕೊಂಡಳು. “ಐ ಆಮ್ ಲೇಟ್ ಫಾರ್ ವರ್ಕ್,” ಅಂದು ಹೋದಳು.

ಮರುವರ್ಷ ಕಾಲೇಜು ಸೇರಿದಳು. ಈಗ ಅವಳು ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ, ಪಾಸ್‌ಪೋರ್ಟೂ ಬಂದಿದೆ. ಜನ ಇದನ್ನು ಕೇಳಿ, ಕೊನೆಗೆ ಎಲ್ಲಾ ಸರಿ ಹೋಯಿತಲ್ಲ ಅನ್ನುತ್ತಾರೆ. ಹೋಯಿತು. ಆದರೆ ಹದಿನೆಂಟನೆಯ ವರ್ಷ ಯಾರಿಗೂ ಎರಡು ಸಲ ಬರುವುದಿಲ್ಲ.

ಆಯಿಗೆ ಕಣ್ಣು ಮಂಜಾದರೂ ಎಣಿಕೆ ತಪ್ಪುತ್ತಿರಲಿಲ್ಲ. ವಿಭಾ ಕೊನೆಯ ವರ್ಷದಲ್ಲಿದ್ದಾಗ ಒಂದು ಭಾನುವಾರ ಕೇಳಿಯೇಬಿಟ್ಟರು: “ಮೂರ ವರ್ಷದ ಕೋರ್ಸು ಅಂದಿದ್ದಿ. ನಾಕನೇದ್ದು ಯಾಕ ನಡದೈತಿ? ಫೇಲ್ ಆದೇನ?”

ವಿಭಾ ನನ್ನ ಕಡೆ ನೋಡಲಿಲ್ಲ.

“ಇಲ್ಲ ಆಯಿ. ಇಲ್ಲೆ ಹಂಗ,” ಅಂದಳು. “ಇಲ್ಲೆ ಎಲ್ಲಾದಕ್ಕೂ ಒಂದ ವರ್ಷ ಜಾಸ್ತಿ ಹಿಡಿತೈತಿ.”